ಎಣ್ಣೆ ಕಾಣದ ಡೆವಿಲ್

ನನಗೆ ಜಂಬ ಸ್ವಲ್ಪ ಜಾಸ್ತಿ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ದೊಡ್ಡ ಕೆಲಸ ಮಾಡಿಯೂ ತುಟಿ ಬಿಚ್ಚದೆ ಕುಳಿತುಕೊಳ್ಳುವವರ ಮೇಲೆ ನನಗೆ ಗೌರವವಿದೆ. ಆದರೆ ಅದು ಅವರಿಂದ ಹೇಗೆ ಸಾಧ್ಯವಾಗುತ್ತದೆ ಎನ್ನುವುದು ಈ ಐವತ್ತಮೂರನೆಯ ವಯಸ್ಸಿನಲ್ಲೂ ಅರ್ಥವಾಗಿಲ್ಲ. ನಾನು ಒಂದು ಬಲ್ಬು ಬದಲಾಯಿಸಿದರೂ ಮನೆಯವರೆಲ್ಲ ಬಂದು ಒಮ್ಮೆ ಸ್ವಿಚ್ಚು ಒತ್ತಿ ನೋಡಿ "ಪರವಾಗಿಲ್ವೇ!" ಎನ್ನಬೇಕು. ಬ್ಯಾಂಕಿನಲ್ಲಿ ನನ್ನ ಮೇಜಿನ ಹಿಂದಿನ ಗೋಡೆಗೆ ಯಾವುದೋ ಕಾಲದ ಕ್ವಿಜ್ ಸ್ಪರ್ಧೆಯ ಪ್ರಮಾಣಪತ್ರ ಇನ್ನೂ ನೇತಾಡುತ್ತಿದೆ. ಬಂದವರ ಕಣ್ಣಿಗೆ ಬೀಳಲಿ ಎಂದು ಕ್ಯಾಲೆಂಡರನ್ನು ನಾನೇ ಪಕ್ಕಕ್ಕೆ ಸರಿಸಿದ್ದೇನೆ. ಇಷ್ಟೆಲ್ಲ ಇದ್ದರೂ ಅಡುಗೆಯ ವಿಷಯದಲ್ಲಿ ಮಾತ್ರ ಜಂಬಪಡುವ ಯೋಗ ನನಗೆ ಬಂದಿರಲಿಲ್ಲ. ನನ್ನ ಅಡುಗೆಯನ್ನು ಯಾರೂ ತೆಗಳಿದ್ದಿಲ್ಲ, ಹೊಗಳಿದ್ದೂ ಇಲ್ಲ. ತಿನ್ನುತ್ತಾರೆ, ಕೈ ತೊಳೆಯುತ್ತಾರೆ, ಟಿ.ವಿ. ಹಾಕುತ್ತಾರೆ. ಅಂಥ ನಾನು ಈಗ ಕೋಲ್ಕತ್ತಾದ ಬೆಹಾಲಾದಲ್ಲಿ, ನಮ್ಮ ಗಲ್ಲಿಯ ನಟ್ಟನಡುವೆ ತಲೆಯೆತ್ತಿಕೊಂಡು ನಡೆಯುತ್ತೇನೆ. ಅದಕ್ಕೆ ಕಾರಣ ಆರು ಮೊಟ್ಟೆ.

ಮೊಟ್ಟೆಗೆ ಬರುವ ಮೊದಲು ನನ್ನ ಗಂಡನ ವಿಷಯ ಹೇಳಬೇಕು. ಇವರು ಗಾರ್ಡನ್ ರೀಚ್‌ನಲ್ಲಿ, ಹಡಗು ಕಟ್ಟುವ ಕಡೆ, ಬೆಸುಗೆ ಪರೀಕ್ಷೆ ಮಾಡುವವರು. ಎರಡು ಉಕ್ಕಿನ ತಗಡು ಕೂಡಿದ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹಿಡಿದುಬಿಡುತ್ತಾರೆ. ತಮ್ಮ ಮಾತಿನಲ್ಲಿರುವ ಬಿರುಕು ಮಾತ್ರ ಇವರಿಗೆ ಕಾಣುವುದಿಲ್ಲ. ಹೋದ ವರ್ಷ ಇವರ ರಕ್ತದಲ್ಲಿ ಸಕ್ಕರೆ ಏರಿತು. ಡಾಕ್ಟರು ಕನ್ನಡಕದ ಮೇಲಿನಿಂದ ನೋಡಿ, "ಮೂರು ತಿಂಗಳು ಕೊಡುತ್ತೇನೆ. ಇಳಿಸಿಕೊಂಡು ಬನ್ನಿ. ಇಲ್ಲದಿದ್ದರೆ ಇನ್ಸುಲಿನ್ ಸೂಜಿ" ಎಂದರು. ಹದಿನೆಂಟು ಮೀಟರ್ ಎತ್ತರದ ಅಟ್ಟಣಿಗೆ ಹತ್ತಿ ಕೆಲಸ ಮಾಡುವ ಮನುಷ್ಯನಿಗೆ ಸೂಜಿ ಕಂಡರೆ ಪ್ರಾಣವೇ ಹೋಗುತ್ತದೆ. ಮಗಳಿಗೆ ಪೋಲಿಯೋ ಹನಿ ಹಾಕಿಸಲು ಹೋದಾಗ ಪಕ್ಕದ ಮಗುವಿಗೆ ಚುಚ್ಚುವುದನ್ನು ನೋಡಿ ಬೆಂಚಿನ ಮೇಲೆ ಕುಸಿದು, ಮಗಳ ಬದಲು ಇವರಿಗೆ ನೀರು ಕುಡಿಸಬೇಕಾಗಿ ಬಂದಿತ್ತು. ಹಾಗಾಗಿ ಮನೆಗೆ ಬಂದವರೇ, "ಇವತ್ತಿಂದ ನೀನು ಹೇಳಿದ ಹಾಗೆ ಮಾರಾಯ್ತಿ" ಎಂದು ಶರಣಾದರು.

ನಾನು ಟೊಂಕ ಕಟ್ಟಿದೆ. ಕುಚ್ಚಲಕ್ಕಿ ಗಂಜಿ ಬಟ್ಟಲಿನಿಂದ ಲೋಟಕ್ಕೆ ಇಳಿಯಿತು. ನೀರುದೋಸೆ ನಿಂತಿತು. ಚಹಾದ ಸಕ್ಕರೆ ಡಬ್ಬಿಯನ್ನು ಕಪಾಟಿನ ಮೇಲಿನ ಖಾನೆಗೆ ಏರಿಸಿದೆ. ಒಂದು ತಿಂಗಳಾಯಿತು, ಇವರ ಸಕ್ಕರೆ ಒಂದಿಂಚು ಕದಲಲಿಲ್ಲ. ನಾನು ಮೊದಲು ಸಂಶಯಪಟ್ಟದ್ದು ರಕ್ತ ಪರೀಕ್ಷೆಯ ಪುಟ್ಟ ಯಂತ್ರದ ಮೇಲೆ. ಅದರ ಬ್ಯಾಟರಿ ಬದಲಾಯಿಸಿದೆ, ಮನೆಯವರೆಲ್ಲ ಬಂದು ನೋಡಿದರು, ಆದರೂ ಅದು ಅದನ್ನೇ ತೋರಿಸಿತು.

ಸತ್ಯ ಗೊತ್ತಾದದ್ದು ಆಕಸ್ಮಿಕವಾಗಿ. ಒಂದು ದಿನ ಎಸ್ಪ್ಲನೇಡಿನಲ್ಲಿ ಮೆರವಣಿಗೆ ಇದೆ, ಬಸ್ಸು ಸಿಗಲಿಕ್ಕಿಲ್ಲ ಎಂದು ಬ್ಯಾಂಕಿನಿಂದ ಬೇಗ ಬಿಟ್ಟರು. ಬಸ್ಸು ಸಿಕ್ಕಿತು, ಆದರೆ ಅದು ನಮ್ಮ ನಿಲ್ದಾಣಕ್ಕಿಂತ ಒಂದು ನಿಲ್ದಾಣ ಮೊದಲೇ ಇಳಿಸಿತು. ಗಲ್ಲಿಯ ಹಿಂಬದಿಯಿಂದ ನಡೆದು ಬಂದೆ. ಅಲ್ಲಿ ನಿತಾಯ್‌ದಾನ ಕರಿದ ತಿಂಡಿಯ ಅಂಗಡಿ ಇದೆ. ಒಂದು ದೊಡ್ಡ ಬಾಣಲೆ, ಒಂದು ಬೆಂಚು, ಸಂಜೆ ನಾಲ್ಕರಿಂದ ಇಡೀ ಗಲ್ಲಿಗೆ ಪರಿಮಳ. ಬೆಂಚಿನ ಮೇಲೆ, ಇಬ್ಬರು ನಿವೃತ್ತರ ನಡುವೆ, ನನ್ನ ಗಂಡ. ಕೈಯಲ್ಲಿ ಎಲೆಯ ದೊನ್ನೆ, ಮಡಿಲಲ್ಲಿ ಮಂಡಕ್ಕಿಯ ಪೊಟ್ಟಣ. ದೊನ್ನೆಯಲ್ಲಿ ಎರಡು ಡಿಮೇರ್ ಡೆವಿಲ್.

ಈ ಡೆವಿಲ್ ಎಂದರೆ ಏನೆಂದು ಹೇಳದಿದ್ದರೆ ಇವರ ಸಂಕಟ ನಿಮಗೆ ತಿಳಿಯುವುದಿಲ್ಲ. ಬೇಯಿಸಿದ ಮೊಟ್ಟೆ, ಅದರ ಸುತ್ತ ಮಸಾಲೆ ಹಾಕಿ ಬಾಡಿಸಿದ ಖೀಮಾ ಮತ್ತು ಆಲೂಗಡ್ಡೆಯ ದಪ್ಪ ಹೊದಿಕೆ, ಮೇಲೆ ಬ್ರೆಡ್ಡಿನ ಪುಡಿ, ಆಮೇಲೆ ಕಾದ ಎಣ್ಣೆಯಲ್ಲಿ ಮುಳುಗು. ಕಂದು ಬಣ್ಣಕ್ಕೆ ತಿರುಗಿದ ಮೇಲೆ ಕೊಯ್ದು, ಹಸಿ ಈರುಳ್ಳಿಯ ಜೊತೆ ಖಾರವಾದ ಸಾಸಿವೆ ಚಟ್ನಿ ಹಾಕಿ ಕೊಡುತ್ತಾರೆ. ಅದಕ್ಕೆ ಮಂಡಕ್ಕಿ ಇರಲೇಬೇಕು. ಈ ಊರಿನಲ್ಲಿ ಮಂಡಕ್ಕಿಯನ್ನು ಯಾರೂ ಅಕ್ಕಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನನ್ನನ್ನು ಕಂಡು ಇವರು ದೊನ್ನೆಯನ್ನು ಪಕ್ಕದವರಿಗೆ ದಾಟಿಸಲು ನೋಡಿದರು. ಅವರು ತೆಗೆದುಕೊಳ್ಳಲಿಲ್ಲ. ಆಗ ಇವರು ಹೇಳಿದ ಮಾತು ಕೇಳಿ: "ಇದು ಮೊಟ್ಟೆ ಮಾರಾಯ್ತಿ. ಮೊಟ್ಟೆ ತಿನ್ಬಹುದು ಅಂತ ಡಾಕ್ಟ್ರೇ ಹೇಳಿದ್ದಲ್ವಾ? ನೀನೇ ಇದ್ದಿಯಲ್ಲ ಎದುರಿಗೆ!"

"ದಾದಾರ್ ಕೋನೋ ದೋಷ್ ನೇಯಿ ಬೌದಿ," ಎಂದು ಬಾಣಲೆಯ ಹಿಂದಿನಿಂದ ನಿತಾಯ್‌ದಾ ವಕಾಲತ್ತಿಗೆ ನಿಂತ. ದಾದಾನ ತಪ್ಪೇನೂ ಇಲ್ಲವಂತೆ. ಅತ್ತಿಗೆ ಎಂದು ಅಷ್ಟು ಪ್ರೀತಿಯಿಂದ ಕರೆಯುವವನನ್ನು ಬೈಯುವುದು ಹೇಗೆ? ಕೋಪವನ್ನೆಲ್ಲ ಬೇರೆ ಕಡೆಗೆ ಹರಿಸಬೇಕಾಯಿತು. "ಆಲೂಗಡ್ಡೆ ಇಲ್ಲದೆ, ಬ್ರೆಡ್ ಇಲ್ಲದೆ, ಒಂದು ಹನಿ ಕರಿಯುವ ಎಣ್ಣೆ ಇಲ್ಲದೆ ಇದಕ್ಕಿಂತ ಒಳ್ಳೇ ಡೆವಿಲ್ ನಾನು ಮನೆಯಲ್ಲಿ ಮಾಡ್ತೇನೆ. ಓವನ್ ಉಂಟು ನನ್ನ ಹತ್ತಿರ!" ಎಂದೆ, ನನ್ನ ಮುರುಕು ಬಂಗಾಳಿಯಲ್ಲಿ. ಯಾಕೆ ಹೇಳಿದೆ ಎಂದು ಕೇಳಬೇಡಿ. ಬಾಯಿ ನನ್ನದೇ ಆದರೂ ಕೆಲವು ಸಲ ಜಂಬವೇ ಅದನ್ನು ನಡೆಸುತ್ತದೆ.

ನಿತಾಯ್‌ದಾ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಜಾಲರಿ ಸೌಟನ್ನು ಬಾಣಲೆಯ ಅಂಚಿಗೆ ಒಮ್ಮೆ ತಟ್ಟಿ, ಕನಿಕರದಿಂದ, "ಓವೆನೆ ಡೆವಿಲ್ ಹೊಯ್ ನಾ, ಬೌದಿ" ಎಂದ. ಓವನ್ನಿನಲ್ಲಿ ಡೆವಿಲ್ ಆಗುವುದಿಲ್ಲ ಎಂದು. ಅಷ್ಟಕ್ಕೆ ಬೆಂಚು ಎರಡು ಪಕ್ಷವಾಯಿತು. ಬಂಗಾಳಿಗಳಿಗೆ ಚರ್ಚೆ ಮಾಡಲು ಇಷ್ಟು ಸಾಕು. ಒಬ್ಬರು ಇದು ಇಂಗ್ಲಿಷರ ತಿಂಡಿ, ಅವರೂ ಕರಿದೇ ತಿನ್ನುತ್ತಿದ್ದರು ಎಂದರು. ಇನ್ನೊಬ್ಬರು, ಗಣಿತ ಕಲಿಸಿ ನಿವೃತ್ತರಾದ ಮಾಸ್ಟರ್‌ಮೊಶಾಯ್, ಎಲ್ಲ ಹೇಳಿಕೆಗೂ ಸಾಧನೆ ಬೇಕು ಎಂದರು. ಆಗ ಇವರು ಬೆಂಚಿನಿಂದ ಎದ್ದು ನಿಂತು ಘೋಷಿಸಿದರು: "ನೀನು ಮಾಡಿದ್ದನ್ನು ನಿತಾಯ್‌ದಾ ತಿಂದು ಎರಡನೇದು ಕೇಳಿದ್ರೆ, ನಾನು ಮತ್ತೆ ಈ ಬೆಂಚಿನ ಮೇಲೆ ಕೂತ್ಕೊಳ್ಳುದಿಲ್ಲ. ಕೇಳದಿದ್ರೆ ನೀನು ಮತ್ತೆ ಬಾಯಿ ತೆಗೀಬಾರ್ದು." ಮಾಸ್ಟರ್‌ಮೊಶಾಯ್ ಸಾಕ್ಷಿ. ಮೂರು ವಾರದ ನಂತರದ ಭಾನುವಾರ, ಸಂಜೆ ನಾಲ್ಕು. ಮರುದಿನ ಬೆಳಗ್ಗೆ ಮೀನಿನವನು ಬಂಗುಡೆಯ ಬದಲು ನನ್ನ ಮುಖ ನೋಡಿ, "ಬೌದಿ, ಡೆವಿಲ್ ಎಲ್ಲಿಗೆ ಬಂತು?" ಎಂದು ಕೇಳಿದ. ನಾನು ಸೋತರೆ ಸೋಲುವುದು ಇವರ ರಕ್ತ ಮಾತ್ರವಲ್ಲ, ಇಡೀ ಬೆಹಾಲಾದ ಎದುರು ನನ್ನ ಮಾನ ಎನ್ನುವುದು ಆಗ ಹೊಳೆಯಿತು.

ಇನ್ನು ಓವನ್ನಿನ ವಿಷಯ. ಅದು ನಮ್ಮಲ್ಲಿ ಇದ್ದದ್ದು ನಿಜ. ಮಗಳು ಅನನ್ಯ ಹೈಸ್ಕೂಲಿನಲ್ಲಿದ್ದಾಗ ಕೇಕಿನ ಹುಚ್ಚಿಗೆ ಕೊಂಡದ್ದು. ಎರಡು ಕೇಕಿನ ನಂತರ ಅದರೊಳಗೆ ದೋಸೆ ಕಾವಲಿ, ಕಡುಬಿನ ಅಚ್ಚು, ಮುಚ್ಚಳ ಕಳೆದುಕೊಂಡ ಡಬ್ಬಿಗಳು ಸಂಸಾರ ಹೂಡಿದ್ದವು. ಅವನ್ನೆಲ್ಲ ಒಕ್ಕಲೆಬ್ಬಿಸಿ ಒರೆಸಿ ಇಟ್ಟೆ. ಈಗ ಕಾಲೇಜಿಗೆ ಹೋಗುವ ಮಗಳು ಫೋನು ಹಿಡಿದು ಬಂದಳು. ಈ ಊರಿನಲ್ಲೇ ಬೆಳೆದವಳು. ನಮ್ಮ ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಬಾಯಿಂದ ಬರುವಾಗ ಮಾತ್ರ ಅರ್ಧ ಇಂಗ್ಲಿಷು. "ಅಮ್ಮಾ, ಇದಕ್ಕೆ ಹೆಸರೇ ಉಂಟು. ಲೋ ಕಾರ್ಬ್ ಬೇಕ್ಡ್ ಸ್ಕಾಚ್ ಎಗ್. ಸೋ ಈಸಿ, ನೋಡು!" ಸ್ಕಾಚ್ ಎಂದು ಕೇಳಿ ಒಳಕೋಣೆಯಿಂದ ಇವರು ಉತ್ಸಾಹದಿಂದ ಬಂದರು, ಬಾಟಲಿಗೂ ಇದಕ್ಕೂ ಸಂಬಂಧವಿಲ್ಲ ಎಂದು ತಿಳಿದು ಹಾಗೆಯೇ ಹಿಂದಿರುಗಿದರು. ಫೋನಿನಲ್ಲಿ ಒಬ್ಬ ಬಿಳಿಯ ಹೆಂಗಸು ಒಂದು ಕೂದಲೂ ಕೆದರದ ಹಾಗೆ ಮೊಟ್ಟೆಗೆ ಖೀಮಾ ಹೊದಿಸಿ, ಬಾದಾಮಿ ಪುಡಿಯಲ್ಲಿ ಹೊರಳಿಸಿ, ಒಲೆಗೆ ತಳ್ಳಿ, ನಗುತ್ತಾ ತೆಗೆಯುತ್ತಿದ್ದಳು.

ನಾನೂ ತಳ್ಳಿದೆ. ಅರ್ಧ ಗಂಟೆ ಕಳೆದು ತೆಗೆದರೆ ಮೊಟ್ಟೆಗಳು ಒಂದು ಕಡೆ, ಖೀಮಾ ಇನ್ನೊಂದು ಕಡೆ, ನಡುವೆ ನೀರು. ಹೊದಿಕೆಯೆಲ್ಲ ಬಾಯಿ ಬಿಟ್ಟಿತ್ತು. ಬಾದಾಮಿ ಪುಡಿ ಟ್ರೇಯ ತಳದಲ್ಲಿ ಕೆಸರಾಗಿ ಕೂತಿತ್ತು. ಮಗಳು "ಇಟ್ಸ್ ಓಕೆ ಅಮ್ಮ, ಟೇಸ್ಟ್ ಉಂಟು" ಎಂದಳು. ನನಗೆ ಓಕೆ ಎನ್ನುವ ಶಬ್ದದ ಮೇಲೆ ಆ ದಿನದಿಂದ ಸಿಟ್ಟು.

ಎರಡನೆಯ ಸಲ ಖೀಮಾ ಬಿಗಿಯಾಗಿ ಹಿಡಿದುಕೊಳ್ಳಲಿ ಎಂದು ಮಗಳೇ ಇನ್ನೊಂದು ಉಪಾಯ ಹುಡುಕಿದಳು: ಇಸಬ್ಗೋಲು. ಪಿಷ್ಟವಿಲ್ಲ, ಅಂಟು ಭರ್ಜರಿ. ಕೋಲ್ಕತ್ತಾದಲ್ಲಿ ಇಸಬ್ಗೋಲು ಇಲ್ಲದ ಮನೆ ಇಲ್ಲ. ಹೊಟ್ಟೆಯ ಆರೋಗ್ಯ ಇಲ್ಲಿ ಹವಾಮಾನದಷ್ಟೇ ಮುಖ್ಯವಾದ ಮಾತುಕತೆ. ಎರಡು ಚಮಚ ಎಂದು ಬರೆದಿತ್ತು. ಗೆಲ್ಲಲೇಬೇಕೆಂಬ ಆವೇಶದಲ್ಲಿ ನಾನು ಆರು ಹಾಕಿದೆ. ಹೊದಿಕೆ ಅಲುಗಾಡಲಿಲ್ಲ, ಕಲ್ಲು ಕಟ್ಟಿದ ಹಾಗೆ ನಿಂತಿತು. ನಾವು ಮೂವರೂ ಮೆಚ್ಚಿ ತಿಂದೆವು. ಮರುದಿನ ಬೆಳಗ್ಗೆ ಮೂವರಿಗೂ ಒಂದೇ ಹೊತ್ತಿಗೆ ಕರೆ ಬಂತು. ನಮ್ಮ ಫ್ಲಾಟಿನಲ್ಲಿ ಬಾತ್‌ರೂಮು ಒಂದೇ. ಅವತ್ತು ಮೂವರೂ ಕೆಲಸಕ್ಕೆ, ಕಾಲೇಜಿಗೆ ತಡವಾಗಿ ಹೋದದ್ದಕ್ಕೆ ಕೊಟ್ಟ ಕಾರಣಗಳನ್ನು ಇಲ್ಲಿ ಬರೆಯುವುದಿಲ್ಲ.

ಉಳಿದದ್ದು ಒಂದೂವರೆ ವಾರ. ನಿರಾಶೆಯಿಂದ ಅಡುಗೆಮನೆಯಲ್ಲಿ ನಿಂತಿದ್ದಾಗ ಕೈ ತಾನಾಗಿಯೇ ತೆಂಗಿನಕಾಯಿಯ ಕಡೆ ಹೋಯಿತು. ಮಂಗಳೂರು ಕಡೆಯವರ ಕೈ ಅದು. ಪಲ್ಯ ಸಪ್ಪೆಯಾದರೂ ಕಾಯಿ, ಸಾರು ನೀರಾದರೂ ಕಾಯಿ, ಮನಸ್ಸು ಕೆಟ್ಟರೂ ಕಾಯಿ. "ಅನನ್ಯಾ, ತೆಂಗಿನಕಾಯಿಯಲ್ಲಿ ಆ ಕಾರ್ಬು ಎಷ್ಟುಂಟು ನೋಡು" ಎಂದೆ. ಅವಳು ನೋಡಿ ಕೂಗಿದಳು: "ಅಮ್ಮಾ! ಕಡಿಮೆಯೇ ಉಂಟು! ಅಲೌಡ್!" ಆ ಗಳಿಗೆಯ ನನ್ನ ಹೆಮ್ಮೆ ಹೇಗೆ ಹೇಳಲಿ? ಬಿಳಿಯ ಹೆಂಗಸಿನ ಬಾದಾಮಿಯನ್ನು ಡಬ್ಬಿಗೆ ಹಾಕಿ ಮುಚ್ಚಿದೆ. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ನಾಲ್ಕು ಕಾಳು ಮೆಂತೆ ಹುರಿದೆ. ಬೆಳ್ಳುಳ್ಳಿ, ಚೂರು ಹುಣಸೆ ಸೇರಿಸಿ, ನಮ್ಮಮ್ಮ ಕೋಳಿ ಸುಕ್ಕ ಮಾಡುತ್ತಿದ್ದ ಮಸಾಲೆಯನ್ನೇ ಅರೆದೆ. ಅದನ್ನು ಕೋಳಿ ಖೀಮಾಕ್ಕೆ ಕಲಸಿದೆ. ಮೇಲಿನ ಹೊದಿಕೆಗೆ ಬ್ರೆಡ್ ಪುಡಿಯ ಬದಲು ಕಾಯಿತುರಿ. ಇಂಗ್ಲಿಷರು ಹುಟ್ಟಿಸಿ ಬಂಗಾಳಿಗಳು ಸಾಕಿದ ಮೊಟ್ಟೆಯನ್ನು ನಾನು ನಮ್ಮ ಮನೆತನಕ್ಕೆ ದತ್ತು ತೆಗೆದುಕೊಂಡೆ. ಮಾರುಕಟ್ಟೆಯಲ್ಲಿ ಒಟ್ಟಿಗೆ ಐದು ತೆಂಗಿನಕಾಯಿ ಕೊಂಡಾಗ ಅಂಗಡಿಯವಳು ಭಕ್ತಿಯಿಂದ "ಯಾವ ಪೂಜೆ ಬೌದಿ?" ಎಂದು ಕೇಳಿದಳು. ನಾನು ಸುಮ್ಮನೆ ಕೈಮುಗಿದೆ.

ಆದರೂ ಮೂರನೆಯ ಸಲ ಸುಟ್ಟು ಕರಕಲಾಯಿತು. ತಪ್ಪು ನನ್ನದೇ. ಸುಕ್ಕಕ್ಕೆ ಕಾಯಿತುರಿಯನ್ನು ಕೆಂಪಗೆ ಹುರಿದು ಹಾಕಬೇಕು ಎನ್ನುವುದು ನಮಗೆ ಹಾಲಿನ ಜೊತೆ ಬಂದ ಪಾಠ. ಹಾಗೆಯೇ ಹುರಿದು, ಅದೇ ಹೊದಿಸಿ, ಮತ್ತೆ ಇಪ್ಪತ್ತೈದು ನಿಮಿಷ ಓವನ್ನಿಗಿಟ್ಟರೆ ಏನಾಗಬೇಕು? ಅದೂ ಅಲ್ಲದೆ ಆರರಲ್ಲಿ ನಾಲ್ಕು ಹಿಂದಿನಂತೆಯೇ ಬಾಯಿ ಬಿಟ್ಟಿದ್ದವು. ಸ್ಟೂಲಿನ ಮೇಲೆ ಕುಳಿತು ನಿಜವಾಗಿಯೂ ಎರಡು ಹನಿ ಕಣ್ಣೀರು ಹಾಕಿದೆ. ಹೊಗೆಗೆ ಎಂದು ಹೇಳಿದೆ.

ಇವರು ಆಗ ಬಂದು ಟ್ರೇಯ ಮೇಲೆ ಬಗ್ಗಿ ನೋಡಿದರು. ನಾನು ಸೋತರೆ ಇವರಿಗೆ ದಿನವೂ ಡೆವಿಲ್. ಆದರೆ ಎದುರಿಗೆ ಒಡೆದ ಜೋಡಣೆ ಕಂಡರೆ ಸುಮ್ಮನಿರಲು ಇವರ ವೃತ್ತಿ ಬಿಡುವುದಿಲ್ಲ. ಕನ್ನಡಕ ಏರಿಸಿ, ಬೆರಳಿನಿಂದ ಬಿರುಕಿನ ಮೇಲೆ ಗೆರೆ ಎಳೆದು, "ಒಳಗೆ ಗಾಳಿ ಉಳಿದುಂಟು. ಬಿಸಿಗೆ ಗಾಳಿ ಹಿಗ್ಗುತ್ತೆ, ಸೀಮ್ ಬಿಡುತ್ತೆ. ಮೊಟ್ಟೆ ಒದ್ದೆ ಇದ್ರೆ ಹಿಡಿಯುದಿಲ್ಲ, ಒಣ ಬಟ್ಟೆಯಲ್ಲಿ ಒರೆಸು. ಖೀಮಾ ಹಿಂಡಿ ನೀರು ತೆಗಿ. ಎಲ್ಲ ಕಡೆ ಒಂದೇ ದಪ್ಪ ಇರ್ಲಿ. ತುದಿಗೆ ತುದಿ ಸೇರಿಸ್ಬೇಡ, ಒಂದರ ಮೇಲೊಂದು ಹತ್ತಿಸಿ ಒತ್ತು" ಎಂದರು. ಒಂದು ಕ್ಷಣ ಬಿಟ್ಟು ತಾವು ಹೇಳಿದ್ದೇನು ಎಂದು ಹೊಳೆದು ನಾಲಿಗೆ ಕಚ್ಚಿಕೊಂಡರು. ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ಇವರ ಮೇಲೆ ನನಗೆ ಅಷ್ಟು ಪ್ರೀತಿ ಉಕ್ಕಿದ ದಿನಗಳು ಹೆಚ್ಚಿಲ್ಲ.

ಪಂಥದ ಭಾನುವಾರ ನಾನು ಕಾಯಿ ಒಡೆಯುವ ಮುಂಚೆಯೇ ಬೇಯಿಸಿದ ಮೊಟ್ಟೆಗಳನ್ನು ಒರೆಸಿ ಒಣಗಿಸಿದ್ದೆ. ಖೀಮಾವನ್ನು ಬಟ್ಟೆಯಲ್ಲಿ ಹಿಂಡಿದೆ. ಅಂಗೈ ಮೇಲೆ ತೆಳ್ಳಗೆ ತಟ್ಟಿ, ಮೊಟ್ಟೆ ಇಟ್ಟು, ಅಂಚಿನ ಮೇಲೆ ಅಂಚು ಹತ್ತಿಸಿ, ಗಾಳಿಯನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಅಟ್ಟಿ ಹೊರಹಾಕಿದೆ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟೆ. ಕೊನೆಗೆ ಹುರಿಯದ ಒಣ ಕಾಯಿತುರಿಯಲ್ಲಿ ಹೊರಳಿಸಿ ಓವನ್ನಿಗೆ ಇಟ್ಟೆ. ಗಾಜಿನ ಎದುರು ಮೂವರೂ ನೆಲದ ಮೇಲೆ ಕುಳಿತು ನೋಡಿದೆವು. ಕಾಯಿ ನಿಧಾನವಾಗಿ ಬಿಳಿಯಿಂದ ಹೊಂಬಣ್ಣಕ್ಕೆ ಬಂತು. ಒಂದೂ ಬಾಯಿ ಬಿಡಲಿಲ್ಲ. ಇವರು ಬಾಯಿತಪ್ಪಿ "ಪಾಸ್" ಎಂದರು.

ನಾಲ್ಕಕ್ಕೆ ಸರಿಯಾಗಿ ಸ್ಟೀಲ್ ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದೆ. ಬೆಂಚಿನಲ್ಲಿ ಜಾಗವಿಲ್ಲ; ಮೀನಿನವನೂ ಇದ್ದ. ನಿತಾಯ್‌ದಾ ಕೈ ತೊಳೆದು, ಒಂದನ್ನು ಹಲಗೆಯ ಮೇಲಿಟ್ಟು ನೂಲಿನಿಂದ ಕೊಯ್ದ. ನಡುವೆ ಹಳದಿ, ಸುತ್ತ ಬಿಳಿ, ಅದರ ಸುತ್ತ ಕೆಂಪು ಖೀಮಾ, ಹೊರಗೆ ಹೊಂಬಣ್ಣದ ಕಾಯಿ. ಎಲ್ಲೂ ಸಂದಿಲ್ಲ. ಮೂಸಿ ನೋಡಿದ. ಅರ್ಧ ಬಾಯಿಗೆ ಹಾಕಿದ. ಮೂವತ್ತು ವರ್ಷ ಡೆವಿಲ್ ಮಾಡಿದವನು ಬೇರೆಯವರ ಡೆವಿಲ್ ಅಗಿಯುವುದನ್ನು ನೋಡುತ್ತಾ ನಿಲ್ಲುವುದಿದೆಯಲ್ಲ, ಅದರ ಎದುರು ಬ್ಯಾಂಕಿನ ಬಡ್ತಿಯ ಸಂದರ್ಶನ ಏನೇನೂ ಅಲ್ಲ. ಉಳಿದರ್ಧವನ್ನೂ ತಿಂದ. ಹೆಗಲಿನ ಗಮಚಾದಲ್ಲಿ ಬಾಯಿ ಒರೆಸಿಕೊಂಡ. ಆಮೇಲೆ ಡಬ್ಬಿಯ ಕಡೆ ಕೈ ಚಾಚಿ, ಬೇರೆಲ್ಲೋ ನೋಡುತ್ತಾ, "ಆರೇಕ್ಟಾ ದಿನ್ ತೋ, ಬೌದಿ" ಎಂದ. ಇನ್ನೊಂದು ಕೊಡಿ ಅಂತ.

ಬೆಂಚೇ ಎದ್ದು ನಿಂತಿತು. ಮಾಸ್ಟರ್‌ಮೊಶಾಯ್ "ಸಾಧಿಸಲಾಯಿತು" ಎಂದು ಘೋಷಿಸಿ ಮೂರನೆಯದಕ್ಕೆ ಕೈ ಹಾಕಿದರು. ಇವರು ಸೋತ ಮುಖದಲ್ಲೇ ಎಲ್ಲರಿಗೂ "ಬೆಸುಗೆ ನಾನು ಹೇಳಿಕೊಟ್ಟದ್ದು" ಎಂದು ಹೇಳುತ್ತಾ ತಿರುಗಿದರು. ಇವರು ಮಾತಿಗೆ ತಪ್ಪಲಿಲ್ಲ. ಬೆಂಚು ಬಿಟ್ಟರು. ವಾರಕ್ಕೆ ಎರಡು ಸಲ ನಾನು ಮಾಡಿಕೊಟ್ಟದ್ದನ್ನು ಮಂಡಕ್ಕಿ ಇಲ್ಲದೆ ತಿಂದರು. ಮೂರು ತಿಂಗಳ ಕೊನೆಗೆ ಸಕ್ಕರೆ ಇಳಿಯಿತು. ಡಾಕ್ಟರು ವರದಿಯನ್ನು ಎರಡು ಸಲ ಓದಿ, "ಸೂಜಿ ಬೇಡ. ಹೀಗೇ ಮುಂದುವರಿಸಿ" ಎಂದರು. ಹೇಗೆ ಎಂದು ಅವರು ಕೇಳಲಿಲ್ಲ. ನಾನು ಹುರಿಯುವುದರಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಹೊರಗೆ ಕಾಯುತ್ತಿದ್ದ ರೋಗಿಗಳು ಎರಡು ಸಲ ಬಾಗಿಲು ತಟ್ಟಿದರು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಗೆದ್ದ ದಿನ ನಿತಾಯ್‌ದಾ ಮೆಲ್ಲಗೆ, "ಮಸಾಲೆಗೆ ಏನೇನು ಹಾಕಿದಿರಿ ಬೌದಿ?" ಎಂದು ಕೇಳಿದ್ದ. ಜಾಣರಾದವರು ನಕ್ಕು ಮನೆಗೆ ಹೋಗುತ್ತಿದ್ದರು. ನಾನು ಬೆಂಚಿನ ಮೇಲೆ ಕುಳಿತು ಪಾಠವನ್ನೇ ಮಾಡಿದೆ. ಮರುದಿನ ಒಂದು ಬಾಟಲಿ ಮಸಾಲೆಯನ್ನೂ ಕೊಟ್ಟುಬಂದೆ. ಡಾಕ್ಟರು ಹೊಗಳಿದ ಎರಡು ವಾರಕ್ಕೆ ಅಂಗಡಿಯ ಮುಂದೆ ಹೊಸ ಬೋರ್ಡು ಬಂತು. ದಪ್ಪ ಬಂಗಾಳಿ ಅಕ್ಷರದಲ್ಲಿ: ಬೌದಿ ಸ್ಪೆಷಲ್ ಡೆವಿಲ್. ಹೊರಗೆ ನನ್ನ ಕಾಯಿ, ಒಳಗೆ ನನ್ನ ಸುಕ್ಕ ಮಸಾಲೆ, ನಡುವೆ ಅವನ ಆಲೂಗಡ್ಡೆ, ಕೆಳಗೆ ಅವನ ಬಾಣಲೆ. "ನನ್ನ ಹತ್ತಿರ ಓವನ್ ಎಲ್ಲಿದೆ ಬೌದಿ?" ಎಂದ. ಎದುರಿಗೆ ಉದ್ದ ಸಾಲು. ಸಾಲಿನಲ್ಲಿ ಮೂರನೆಯವರು ಇವರು. ನಾನು ಬಾಯಿ ತೆರೆಯುವ ಮೊದಲೇ ಹೇಳಿದರು: "ನಾನು ಬೆಂಚಿನ ಮೇಲೆ ಕೂತಿಲ್ಲ, ನಿಂತಿದ್ದೇನೆ. ಅದೂ ಅಲ್ಲದೆ ನಿನ್ನ ಹೆಸರಿನ ಡೆವಿಲ್ ನಾನೇ ತಿನ್ನದಿದ್ರೆ ಗಲ್ಲಿಯವರು ಎಂತ ಹೇಳ್ಲಿಕ್ಕಿಲ್ಲ?"

ಬೈಯಬೇಕಿತ್ತು. ಆದರೆ ಸಾಲಿನವರೆಲ್ಲ ತಿರುಗಿ, "ಇವರೇ ಆ ಬೌದಿ" ಎಂದು ಒಬ್ಬರಿಗೊಬ್ಬರು ಹೇಳುತ್ತಿದ್ದರು. ನಿತಾಯ್‌ದಾ ಮೊದಲ ಬಿಸಿ ಡೆವಿಲನ್ನು ನನ್ನ ಕೈಗೇ ಕೊಟ್ಟ. ನಾನು ಮಗಳನ್ನು ಫೋನು ಮಾಡಿ ಕೆಳಗೆ ಕರೆಸಿ, ಬೋರ್ಡಿನ ಪಕ್ಕ ನಿಂತು, ಡೆವಿಲ್ ಹಿಡಿದುಕೊಂಡು ಫೋಟೋ ತೆಗೆಸಿಕೊಂಡೆ. ಆ ಕ್ಷಣವೇ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ. ಉಡುಪಿಯಿಂದ, ಮುಂಬೈಯಿಂದ, ಬ್ಯಾಂಕಿನಿಂದ ಅಭಿನಂದನೆಗಳು ಬಂದವು. ನನ್ನ ಫೋನಿನಲ್ಲಿ ಡಾಕ್ಟರ ನಂಬರೂ ಇದೆ ಎನ್ನುವುದು ಅವರ ಸಂದೇಶ ಬಂದ ಮೇಲೆ ನೆನಪಾಯಿತು: "ಅಭಿನಂದನೆಗಳು, ಮೇಡಂ. ನಿಮ್ಮ ಹಿಂದೆ ಎರಡು ಕೈಯಲ್ಲೂ ಹಿಡಿದು ತಿನ್ನುತ್ತಿರುವವರು ನನ್ನ ಪೇಷೆಂಟ್ ಅಲ್ಲವೇ? ಸೋಮವಾರ ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಬನ್ನಿ. ನಿಮ್ಮದೂ ಒಮ್ಮೆ ನೋಡಿಬಿಡೋಣ."

ಇವರು ಆಗಿನಿಂದ ಹಾಸಿಗೆ ಹಿಡಿದವರ ಹಾಗೆ ಮಲಗಿ, "ಆ ಫೋಟೋ ಒಂದು ತೆಗಿ ಮಾರಾಯ್ತಿ, ಇನ್ನೂ ಯಾರ‍್ಯಾರು ನೋಡ್ತಾರೋ" ಎಂದು ನರಳುತ್ತಿದ್ದಾರೆ. ಸೋಮವಾರ ಇಬ್ಬರೂ ಹೋಗುತ್ತೇವೆ. ಸೂಜಿ ಯಾರ ಪಾಲಿಗೋ ಗೊತ್ತಿಲ್ಲ. ಫೋಟೋ ಮಾತ್ರ ತೆಗೆದಿಲ್ಲ. ಅದರಲ್ಲಿ ನಾನು ತುಂಬಾ ಚೆನ್ನಾಗಿ ಬಂದಿದ್ದೇನೆ.